ಫ್ರೈಡ್ ಚಿಕನ್‌ನಲ್ಲಿ ನಾವು ಹೋಲಿಸುತ್ತಿರುವುದು ಯಾವುದನ್ನು: ಹೊರಪದರವನ್ನೋ, ಮಾಂಸವನ್ನೋ, ಸಾಸನ್ನೋ?

ಪ್ರಶ್ನೆ: ಗರಿಮುರಿ

ಎಲ್ಲರಿಗೂ ನಮಸ್ಕಾರ. ನನಗೂ ನನ್ನ ತಂಗಿಗೂ ನಡುವೆ ಬಹಳ ದಿನಗಳಿಂದ ಬಗೆಹರಿಯದೆ ಉಳಿದಿರುವ ಒಂದು ವಾದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ಕರಿದ ಕೋಳಿಯೆಂದರೆ ಇಬ್ಬರಿಗೂ ಪ್ರಾಣ. ಆದರೆ ಕೆಎಫ್‌ಸಿಯ ಒರಿಜಿನಲ್ ರೆಸಿಪಿಯ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲವೆಂದು ಅವಳು ಹೇಳಿದರೆ, ಪೊಪೈಸ್‌ನ ಖಾರದ ತುಂಡನ್ನು ಕಚ್ಚಿದಾಗ ಕೇಳಿಸುವ ಸದ್ದೊಂದೇ ಸಾಕು, ಉಳಿದ ಮಾತೇ ಬೇಡವೆನ್ನುವುದು ನನ್ನ ನಿಲುವು. ಅವಳ ಪ್ರಕಾರ ನನಗೆ ಬೇಕಿರುವುದು ಕೋಳಿಯಲ್ಲ, ಅದರ ಮೇಲಿನ ಹಿಟ್ಟು. ನನ್ನ ಪ್ರಕಾರ ಅವಳು ಮೆಚ್ಚುವುದು ಕರಿದ ಕೋಳಿಯನ್ನಲ್ಲ, ಬೇಯಿಸಿದ ಕೋಳಿಯನ್ನು.

ಪ್ರವಾಸಗಳಲ್ಲಿ ಚಿಕ್-ಫಿಲ್-ಎ ಸ್ಯಾಂಡ್‌ವಿಚ್, ರೇಜಿಂಗ್ ಕೇನ್ಸ್‌ನ ಚಿಕನ್ ಫಿಂಗರ್ ಮತ್ತು ಜಾಲಿಬೀಯ ಚಿಕನ್‌ಜಾಯ್ ತಿಂದು ಬಂದ ಮೇಲಂತೂ ವಾದ ಇನ್ನಷ್ಟು ಗೋಜಲಾಗಿದೆ, ಏಕೆಂದರೆ ಇವುಗಳಲ್ಲಿ ಒಂದು ಎಲುಬಿಲ್ಲದ ಎದೆಯ ಮಾಂಸ, ಇನ್ನೊಂದು ಬೆರಳುದ್ದದ ತುಂಡು, ಮತ್ತೊಂದು ಗ್ರೇವಿಯ ಜೊತೆಗೆ ಬರುವ ಎಲುಬಿನ ತುಂಡು. ಇವನ್ನೆಲ್ಲ ಒಂದೇ ಸಾಲಿನಲ್ಲಿಟ್ಟು ಒಂದು, ಎರಡು, ಮೂರು ಎಂದು ಸ್ಥಾನ ಕೊಡುವುದು ನ್ಯಾಯವೇ? ಕೊಡುವುದಾದರೆ ಯಾವುದನ್ನು ಸಮನಾಗಿಟ್ಟುಕೊಂಡು ಕೊಡಬೇಕು? ನಮ್ಮ ಮೆಚ್ಚುಗೆಗೆ ಅಡುಗೆಯ ವಿಧಾನದಲ್ಲಿ ನಿಜವಾದ ಕಾರಣವಿದೆಯೇ, ಅಥವಾ ಮೊದಲು ಯಾವುದನ್ನು ತಿಂದೆವೋ ಅದೇ ನಾಲಿಗೆಯಲ್ಲಿ ಉಳಿದುಬಿಟ್ಟಿದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ತೆರೆದ ಬಾಣಲೆ

ಗರಿಮುರಿ ಅವರೇ, ನಾನು ಕೆಲವು ವರ್ಷ ಇಂಥದೇ ಒಂದು ಅಡುಗೆಮನೆಯಲ್ಲಿ ಕರಿಯುವ ಯಂತ್ರದ ಮುಂದೆ ನಿಂತು ಕೆಲಸ ಮಾಡಿದವನು. ನಿಮ್ಮ ತಂಗಿಯವರು "ಹಿಟ್ಟು" ಎಂದದ್ದು, ನೀವು "ಬೇಯಿಸಿದ್ದು" ಎಂದದ್ದು ಎರಡರಲ್ಲಿಯೂ ಸತ್ಯವಿದೆಯೆಂದು ನನಗೆ ಕಾಣುತ್ತದೆ, ಮತ್ತು ಅದರ ಬೇರು ಪಾತ್ರೆಯ ಮುಚ್ಚಳದಲ್ಲಿದೆ.

ಕೆಎಫ್‌ಸಿಯನ್ನು ಹುಟ್ಟುಹಾಕಿದ ಹಾರ್ಲೆಂಡ್ ಸ್ಯಾಂಡರ್ಸ್ ಅವರು 1930ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಕಾರ್ಬಿನ್‌ನಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತ ದಾರಿಹೋಕರಿಗೆ ಊಟ ಬಡಿಸತೊಡಗಿದಾಗ ಕೋಳಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕರಿಯುತ್ತಿದ್ದರು, ಮತ್ತು ಒಂದು ಸರದಿಗೆ ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹಸಿದು ಬಂದವರನ್ನು ಅಷ್ಟು ಹೊತ್ತು ಕಾಯಿಸಲಾಗದು. ಮೊದಲೇ ಕರಿದಿಟ್ಟರೆ ರುಚಿ ಕೆಡುತ್ತದೆ. 1939ರ ಸುಮಾರಿಗೆ ಅವರು ಪ್ರೆಶರ್ ಕುಕ್ಕರನ್ನು ಎಣ್ಣೆಯಲ್ಲಿ ಕರಿಯುವುದಕ್ಕೆ ಒಗ್ಗಿಸಿಕೊಂಡದ್ದು ಈ ತೊಡಕನ್ನು ಬಿಡಿಸಲೆಂದೇ. 11 ಬಗೆಯ ಸೊಪ್ಪು ಮತ್ತು ಮಸಾಲೆಗಳ ಆ ಪ್ರಸಿದ್ಧ ಮಿಶ್ರಣ ನೆಲೆಗೊಂಡದ್ದು 1940ರಲ್ಲಿ. ಮೊದಲ ಫ್ರಾಂಚೈಸಿ 1952ರಲ್ಲಿ ಯೂಟಾ ರಾಜ್ಯದಲ್ಲಿ ತೆರೆಯಿತು. ಜನ ಮಾತಾಡುವುದೆಲ್ಲ ಆ 11ರ ಗುಟ್ಟಿನ ಬಗ್ಗೆ. ನನ್ನನ್ನು ಕೇಳಿದರೆ, ಒರಿಜಿನಲ್ ರೆಸಿಪಿಯ ಸ್ವಭಾವವನ್ನು ರೂಪಿಸಿದ್ದರಲ್ಲಿ ಮಸಾಲೆಗಿಂತ ಆ ಮುಚ್ಚಳದ ಪಾಲು ದೊಡ್ಡದು.

ಕಾರಣ ಹೀಗಿದೆ. ತೆರೆದ ಎಣ್ಣೆಯಲ್ಲಿ ತುಂಡನ್ನು ಬಿಟ್ಟಾಗ ಅದರೊಳಗಿನ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಆವಿಯಾಗಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಎಣ್ಣೆಯಲ್ಲಿ ನಾವು ನೋಡುವ ಆ ಕೊತಕೊತ ಕುದಿತವೆಲ್ಲ ನೀರಿನದೇ. ನೀರು ಬಿಟ್ಟುಹೋದ ಹಿಟ್ಟು ಒಣಗಿ, ಟೊಳ್ಳಾಗಿ, ಗರಿಯಾಗುತ್ತದೆ. ಮುಚ್ಚಿದ ಯಂತ್ರದಲ್ಲಿ ಚದರ ಅಂಗುಲಕ್ಕೆ 12 ಪೌಂಡಿನಷ್ಟು ಹೆಚ್ಚುವರಿ ಒತ್ತಡವಿರುವಾಗ ನೀರು ಕುದಿಯುವುದು ಸುಮಾರು 118 ಡಿಗ್ರಿಯಲ್ಲಿ. ಆದುದರಿಂದ ತೇವ ಅಷ್ಟು ಸುಲಭವಾಗಿ ಹೊರಗೋಡುವುದಿಲ್ಲ, ಮಾಂಸ ಬೇಗ ಬೇಯುತ್ತದೆ, ರಸ ಒಳಗೇ ನಿಲ್ಲುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಹೊರಪದರ ತೆಳ್ಳಗೆ, ಮೆತ್ತಗೆ, ಚರ್ಮಕ್ಕೆ ಅಂಟಿಕೊಂಡೇ ಇರುತ್ತದೆ. ನಿಮ್ಮ ತಂಗಿಯವರು ಮೆಚ್ಚುವುದು ಅದನ್ನೇ, ಮತ್ತು ಅದು ಕೊರತೆಯಲ್ಲ, ಆ ವಿಧಾನದ ಫಲ. ಗರಿ ಬೇಕೆನ್ನುವವರಿಗಾಗಿ ಕೆಎಫ್‌ಸಿಯೇ 1972ರಲ್ಲಿ ಎಕ್ಸ್‌ಟ್ರಾ ಕ್ರಿಸ್ಪಿಯನ್ನು ತಂದಿತು. ಅದರಲ್ಲಿ ಹಿಟ್ಟನ್ನು ಎರಡು ಸಲ ಹಚ್ಚಲಾಗುತ್ತದೆ.

ಅದೇ 1972ರಲ್ಲಿ ಆಲ್ ಕೋಪ್‌ಲೆಂಡ್ ಅವರು ಲೂಸಿಯಾನಾದ ನ್ಯೂ ಆರ್ಲಿಯನ್ಸ್ ನಗರದ ಅಂಚಿನ ಅರಾಬಿಯಲ್ಲಿ ಒಂದು ಅಂಗಡಿ ತೆರೆದರು. ಮೊದಲು ಅಲ್ಲಿ ಮಾರಿದ್ದು ಖಾರವಿಲ್ಲದ ಕೋಳಿಯನ್ನು, ಮತ್ತು ಅದು ನಡೆಯಲಿಲ್ಲ. ಹೆಸರನ್ನು ಪೊಪೈಸ್ ಎಂದು ಬದಲಿಸಿ, ಆ ಪ್ರದೇಶದವರ ನಾಲಿಗೆಗೆ ಒಗ್ಗಿದ ಖಾರವನ್ನು ಹಾಕಿದ ಮೇಲೆ ವ್ಯಾಪಾರ ಕುದುರಿತು. ಅವರ ಪದ್ಧತಿಯಲ್ಲಿ ಮಸಾಲೆ ಮಾಂಸಕ್ಕೆ 12 ಗಂಟೆಯಷ್ಟು ಮೊದಲೇ ಹಿಡಿಯುತ್ತದೆ, ಹೊರಗಿನ ಲೇಪ ದಪ್ಪ ಮತ್ತು ಒರಟು. ಹಾಗಾಗಿ ನಿಮ್ಮಿಬ್ಬರ ವಾದವನ್ನು ಒಂದೇ ತಿಂಡಿಯ ಎರಡು ದರ್ಜೆಗಳ ನಡುವಿನ ವಾದವೆಂದು ತಿಳಿಯಬೇಡಿ. ಒಬ್ಬರು ಬೇಗ ಬೇಯಬೇಕು, ಒಣಗಬಾರದು ಎಂದು ಹೊರಟರು. ಇನ್ನೊಬ್ಬರು ಸಪ್ಪೆಯಾಗಬಾರದು ಎಂದು ಹೊರಟರು. ಇಬ್ಬರೂ ತಾವು ಹುಡುಕಿದ್ದನ್ನು ಪಡೆದರು.

ಉತ್ತರ: ಕಾಳುಮೆಣಸು

ತೆರೆದ ಬಾಣಲೆ ಅವರ ವಿವರಣೆ ಓದಿ ಸಂತೋಷವಾಯಿತು. ಆದರೆ ಮಸಾಲೆಯನ್ನು ಅವರು ಬಹಳ ಹಿಂದಕ್ಕೆ ತಳ್ಳಿದ್ದಾರೆಂದು ನನಗನ್ನಿಸುತ್ತದೆ. ಕಣ್ಣು ಮುಚ್ಚಿಸಿ ತಿನ್ನಿಸಿದರೂ ಅನೇಕರು ಕೆಎಫ್‌ಸಿಯನ್ನು ಗುರುತಿಸುತ್ತಾರೆಂದು ನಾನು ನಂಬಿದ್ದೇನೆ, ಮತ್ತು ಹಾಗೆ ಗುರುತಿಸುವುದು ಮೆತ್ತಗಿನ ಪದರದಿಂದಲ್ಲ, ವಾಸನೆಯಿಂದ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅದು ತಿಳಿದುಬಿಡುತ್ತದೆ.

ರುಚಿಯ ವಿಷಯದಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ನಾವು "ಮಸಾಲೆ" ಎಂಬ ಒಂದೇ ಮಾತಿನಲ್ಲಿ ಕಟ್ಟಿಬಿಡುತ್ತೇವೆ. ಮೊದಲನೆಯದು ಉಪ್ಪು. ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಅದರ ಪ್ರೋಟೀನಿನ ಎಳೆಗಳು ಸಡಿಲಗೊಂಡು ಹೆಚ್ಚು ನೀರನ್ನು ಹಿಡಿದುಕೊಳ್ಳುತ್ತವೆ. ಬರೇ ಹಿಟ್ಟಿಗೆ ಉಪ್ಪು ಬೆರೆಸಿದ ಕೋಳಿ ಮೊದಲ ಕಚ್ಚಿಗೆ ಚೆನ್ನಾಗಿದ್ದು ಎರಡನೆಯ ಕಚ್ಚಿಗೆ ಸಪ್ಪೆಯಾಗುವುದು ಈ ನೆನೆಸುವಿಕೆ ಇಲ್ಲದಿರುವುದರಿಂದ. ಎರಡನೆಯದು ಗ್ಲುಟಮೇಟ್, ಅಂದರೆ ನಾವು ಅಜಿನೊಮೊಟೊ ಎಂದು ಕರೆಯುವ ವಸ್ತುವಿನ ಸಾರ. 1908ರಲ್ಲಿ ಟೋಕಿಯೊದಲ್ಲಿ ಕಿಕುನೆ ಇಕೆಡಾ ಅವರು ಕಡಲಕಳೆಯ ಸಾರಿನಿಂದ ಇದನ್ನು ಬೇರ್ಪಡಿಸಿ, ಇದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅಮೆರಿಕದಲ್ಲಿ ಕೆಎಫ್‌ಸಿ, ಚಿಕ್-ಫಿಲ್-ಎ ಎರಡರ ಪದಾರ್ಥಪಟ್ಟಿಯಲ್ಲಿಯೂ ಇದು ಬಹಿರಂಗವಾಗಿಯೇ ಇದೆ. ನುಂಗಿದ ಮೇಲೂ ಬಾಯಲ್ಲಿ ನೀರೂರಿಸುತ್ತ ಉಳಿಯುವ ಆ ಗುಣಕ್ಕೆ ಮುಖ್ಯ ಕಾರಣ ಇದೇ, ಮತ್ತು ಅದನ್ನು ಇಷ್ಟಪಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮೂರನೆಯದು ಖಾರ. ಶಾಸ್ತ್ರೀಯವಾಗಿ ನೋಡಿದರೆ ಇದು ರುಚಿಯೇ ಅಲ್ಲ, ಉರಿ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಮತ್ತು ಕಾಳುಮೆಣಸಿನ ಪೈಪರಿನ್ ಎರಡೂ ನಾಲಿಗೆಯ ಮೇಲೆ ಬಿಸಿಯನ್ನು ಅರಿಯುವ ಗ್ರಾಹಕವನ್ನೇ ಕೆರಳಿಸುತ್ತವೆ. ಆ ಗ್ರಾಹಕ ಸುಮಾರು 43 ಡಿಗ್ರಿಗಿಂತ ಮೇಲಿನ ಶಾಖಕ್ಕೂ ಸ್ಪಂದಿಸುತ್ತದೆ. ಹಾಗಾಗಿಯೇ ಎಣ್ಣೆಯಿಂದ ಆಗಷ್ಟೇ ತೆಗೆದ ಖಾರದ ತುಂಡು ಕಣ್ಣಲ್ಲಿ ನೀರು ತರಿಸುತ್ತದೆ, ಆರಿದ ಮೇಲೆ ಅದೇ ತುಂಡು ಸೌಮ್ಯವಾಗಿ ಕಾಣುತ್ತದೆ. ಗರಿಮುರಿ ಅವರು ಪೊಪೈಸನ್ನು ಅಲ್ಲೇ ಕುಳಿತು ಬಿಸಿಬಿಸಿಯಾಗಿ ತಿಂದು, ಕೆಎಫ್‌ಸಿಯನ್ನು ಮನೆಗೆ ತಂದು ತಿಂದಿದ್ದರೆ, ಅವರು ಹೋಲಿಸಿದ್ದು ಎರಡು ಅಂಗಡಿಗಳನ್ನಲ್ಲ, ಎರಡು ಉಷ್ಣತೆಗಳನ್ನು.

ಸದ್ದಿನ ಬಗ್ಗೆಯೂ ಒಂದು ಮಾತು ಹೇಳಬೇಕು. 2004ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಜನರಿಗೆ ಆಲೂಗಡ್ಡೆ ಚಿಪ್ಸ್ ಕಚ್ಚಲು ಹೇಳಿ, ಆ ಕಚ್ಚಿದ ಸದ್ದನ್ನೇ ಹೆಡ್‌ಫೋನಿನ ಮೂಲಕ ಹೆಚ್ಚಿಸಿ ಕೇಳಿಸಿದಾಗ, ಅದೇ ಚಿಪ್ಸ್ ಹೆಚ್ಚು ಗರಿಯಾಗಿಯೂ ತಾಜಾ ಆಗಿಯೂ ಇವೆಯೆಂದು ತಿಂದವರು ಹೇಳಿದರು. ಸದ್ದಿಗೆ ಮನಸೋಲುವುದೂ ರುಚಿಯ ಒಂದು ಭಾಗವೇ. ಆದ್ದರಿಂದ "ಹಿಟ್ಟು ತಿನ್ನುತ್ತೀರಿ" ಎಂಬ ಆರೋಪವನ್ನು ನೀವು ಅಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿಲ್ಲ.

ಉತ್ತರ: ಎಲುಬಿನ ತುಂಡು

ನನ್ನದು ಚಿಕ್ಕ ಆಕ್ಷೇಪ. ಎಲುಬಿರುವುದನ್ನೂ ಎಲುಬಿಲ್ಲದ್ದನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಲೇಬಾರದು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ತಿನ್ನಲು ಸುರಕ್ಷಿತವೆನ್ನಲಾಗುವ 74 ಡಿಗ್ರಿಯನ್ನು ಸ್ವಲ್ಪ ಮೀರಿದರೂ ಅದು ನಾರಾಗುತ್ತದೆ. ತೊಡೆ ಮತ್ತು ಕಾಲಿನ ತುಂಡಿನಲ್ಲಿ ಕೊಬ್ಬೂ ಸಂಧಿನಾರೂ ಹೆಚ್ಚಾಗಿರುವುದರಿಂದ 80 ಡಿಗ್ರಿ ದಾಟಿದ ಮೇಲೆಯೇ ಅದು ಸರಿಯಾಗಿ ಮೆತ್ತಗಾಗುವುದು, ಏಕೆಂದರೆ ಆ ನಾರು ಕರಗಿ ಜೆಲಟಿನ್ ಆಗಲು ಅಷ್ಟು ಶಾಖ ಬೇಕು.

ಚಿಕ್-ಫಿಲ್-ಎ ಸಂಸ್ಥೆಯನ್ನು ಕಟ್ಟಿದ ಟ್ರೂಯೆಟ್ ಕ್ಯಾಥಿ ಅವರು ಎಲುಬಿಲ್ಲದ ಎದೆಯ ತುಂಡನ್ನು ಒತ್ತಡದಲ್ಲಿ, ಕಡಲೆಕಾಯಿ ಎಣ್ಣೆಯಲ್ಲಿ ಕರಿದು, ಬೆಣ್ಣೆ ಸವರಿದ ಬನ್ನಿನೊಳಗೆ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜೊತೆಗೆ ಇಟ್ಟರು. ಒಣಗುವ ಸ್ವಭಾವದ ಮಾಂಸಕ್ಕೆ ಅಷ್ಟೊಂದು ಆಸರೆ ಬೇಕು. ಅಲ್ಲಿ ಮೆಚ್ಚುಗೆ ಸಲ್ಲಬೇಕಾದದ್ದು ಸ್ಯಾಂಡ್‌ವಿಚ್ಚಿನ ಜೋಡಣೆಗೆ. ಕರಿಯುವ ಕೈಯ ನಿಜವಾದ ಪರೀಕ್ಷೆ ಎಲುಬಿನ ತುಂಡಿನಲ್ಲಿದೆ, ಏಕೆಂದರೆ ದಪ್ಪವೂ ಆಕಾರವೂ ಒಂದೊಂದು ತುಂಡಿಗೆ ಒಂದೊಂದು ರೀತಿ ಇರುವಾಗ ಹೊರಗೆ ಸೀಯದಂತೆ ಒಳಗೆ ಎಲುಬಿನವರೆಗೂ ಬೇಯಿಸುವುದು ಸುಲಭದ ಕೆಲಸವಲ್ಲ. ನಿಮ್ಮ ಹೋಲಿಕೆಗೆ ತೊಡೆಯ ತುಂಡನ್ನೇ ಆರಿಸಿಕೊಳ್ಳಿ, ಎರಡೂ ಕಡೆ.

ಗರಿಮುರಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಾಳುಮೆಣಸು ಅವರು ಊಹಿಸಿದ್ದು ಸರಿಯೇ: ನಾನು ಪೊಪೈಸನ್ನು ಯಾವಾಗಲೂ ಅಂಗಡಿಯಲ್ಲೇ ತಿಂದಿದ್ದೆ, ಕೆಎಫ್‌ಸಿಯನ್ನು ಹೆಚ್ಚಾಗಿ ಡಬ್ಬಿಯಲ್ಲಿ ಮನೆಗೆ ತಂದೇ ತಿಂದಿದ್ದೆ. ಇಷ್ಟು ದಿನ ಇದು ನನ್ನ ಗಮನಕ್ಕೇ ಬಂದಿರಲಿಲ್ಲ.

ನಿಮ್ಮ ಸಲಹೆಯಂತೆ ಪರೀಕ್ಷಿಸಿಯೇ ಬಿಟ್ಟೆವು. ಎರಡೂ ಅಂಗಡಿಗಳು ಒಂದೇ ಕಟ್ಟಡದಲ್ಲಿರುವ ಕಡೆಗೆ ಹೋಗಿ, ಜನಸಂದಣಿ ಇರುವ ಹೊತ್ತಿನಲ್ಲಿ, ಅಂದರೆ ತುಂಡುಗಳು ಹೆಚ್ಚು ಹೊತ್ತು ಬಿಸಿಗೂಡಿನಲ್ಲಿ ಕೂರದ ಹೊತ್ತಿನಲ್ಲಿ, ಎರಡೂ ಕಡೆಯಿಂದ ತೊಡೆಯ ತುಂಡುಗಳನ್ನು ಮಾತ್ರ ಕೇಳಿ ತೆಗೆದುಕೊಂಡೆವು. ಸಾಸ್ ಇಲ್ಲ, ತಂಪು ಪಾನೀಯವಿಲ್ಲ, ನೀರು ಮಾತ್ರ. ಒಬ್ಬರು ಕಣ್ಣು ಮುಚ್ಚಿ ಕುಳಿತಾಗ ಇನ್ನೊಬ್ಬರು ತಿನ್ನಿಸಿದೆವು. ಮೊದಲು ಹೊರಪದರದೊಂದಿಗೆ, ಆಮೇಲೆ ಅದನ್ನು ಬಿಡಿಸಿ ಬರೀ ಮಾಂಸವನ್ನು, ಕೊನೆಗೆ ನಲವತ್ತು ನಿಮಿಷ ಕಳೆದ ಮೇಲೆ ಉಳಿದ ತುಂಡುಗಳನ್ನು.

ಮೊದಲ ಸುತ್ತಿನಲ್ಲಿ ಇಬ್ಬರೂ ನಮ್ಮ ನಮ್ಮ ಮೆಚ್ಚಿನದನ್ನು ಗುರುತಿಸಿ ಅದಕ್ಕೇ ಅಂಟಿಕೊಂಡೆವು. ಎರಡನೆಯ ಸುತ್ತು ನಮ್ಮಿಬ್ಬರನ್ನೂ ಅಚ್ಚರಿಗೊಳಿಸಿತು. ಪದರವಿಲ್ಲದ ಮಾಂಸದಲ್ಲಿ ತಂಗಿಗೆ ಹೆಚ್ಚು ಹಿಡಿಸಿದ್ದು ಪೊಪೈಸ್‌ನದು. ಮಸಾಲೆ ಎಲುಬಿನ ತನಕ ಇಳಿದಿದೆಯೆಂದು ಅವಳೇ ಹೇಳಿದಳು. ಅಂದರೆ ಅವಳಿಗೆ ಬೇಡವಾಗಿದ್ದದ್ದು ಆ ಖಾರವಲ್ಲ, ಒಸಡಿಗೆ ಚುಚ್ಚುವಂಥ ಆ ಒರಟು ಪದರ. ಮೂರನೆಯ ಸುತ್ತಿನಲ್ಲಿ ನಾನು ಸೋತೆ. ನಲವತ್ತು ನಿಮಿಷಗಳ ಬಳಿಕ ನನ್ನ ಮೆಚ್ಚಿನ ತುಂಡಿನ ಗರಿ ಹೋಗಿ ದಪ್ಪ ಹಿಟ್ಟು ಜಿಡ್ಡಾಗಿತ್ತು. ಒರಿಜಿನಲ್ ರೆಸಿಪಿ ಮೊದಲಿಗೂ ಆಗಲೂ ಬಹುಪಾಲು ಒಂದೇ ರೀತಿ ಇತ್ತು. ಗರಿಯನ್ನೇ ನೆಚ್ಚಿಕೊಳ್ಳದ ತಿಂಡಿಗೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಈಗ ನಮ್ಮ ಮನೆಯಲ್ಲಿ ಒಪ್ಪಂದವಾಗಿದೆ: ಕುಳಿತು ತಿನ್ನುವುದಾದರೆ ನನ್ನ ಆಯ್ಕೆ, ಕಟ್ಟಿಸಿಕೊಂಡು ಬರುವುದಾದರೆ ಅವಳ ಆಯ್ಕೆ.

ಇನ್ನು ಸಾಸ್ ಇರುವ ಕೋಳಿಯನ್ನು ಎಲ್ಲಿ ಸೇರಿಸಬೇಕು ಎಂಬುದು ಉಳಿದಿದೆ. ಕಟ್ಟಿಸಿಕೊಂಡು ಬಂದರೂ ಗರಿ ಉಳಿಯುವಂತೆ ಮಾಡಲು ಉಪಾಯವೇನಾದರೂ ಇದ್ದರೆ ಅದನ್ನೂ ತಿಳಿಸಿ.

ಉತ್ತರ: ಎರಡು ಸಲ ಕರಿದದ್ದು

ಸಾಸಿನ ಪ್ರಶ್ನೆಗೆ ನನ್ನ ಉತ್ತರ. ಸಾಸ್ ಮೂರು ರೀತಿಯಲ್ಲಿ ಬರುತ್ತದೆ, ಮತ್ತು ಮೂರೂ ಕೋಳಿಗೆ ಬೇರೆ ಬೇರೆ ಸ್ಥಾನ ಕೊಡುತ್ತವೆ. 1996ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಶುರುವಾದ ರೇಜಿಂಗ್ ಕೇನ್ಸ್ ಬಹುಮಟ್ಟಿಗೆ ಚಿಕನ್ ಫಿಂಗರ್ ಒಂದನ್ನೇ ನಂಬಿ ಬೆಳೆದದ್ದು. ಅದರ ತುಂಡಿನಲ್ಲಿ ಮಸಾಲೆ ಬಹಳ ಸೌಮ್ಯ; ರುಚಿಯ ಭಾರವನ್ನು ಅದ್ದಿಕೊಳ್ಳುವ ಸಾಸ್ ಹೊತ್ತಿದೆ. ಸಾಸ್ ಇಲ್ಲದೆ ತಿಂದು "ಸಪ್ಪೆ" ಎನ್ನುವವರು, ಸಾರಿಲ್ಲದೆ ಮುದ್ದೆ ನುಂಗಿ ಮುದ್ದೆಗೆ ರುಚಿಯಿಲ್ಲವೆಂದು ದೂರಿದಂತಾಗುತ್ತದೆ. ಫಿಲಿಪೀನ್ಸ್‌ನ ಜಾಲಿಬೀಯ ಚಿಕನ್‌ಜಾಯ್ ಹಾಗಲ್ಲ. ಅಲ್ಲಿ ಕೋಳಿಗೆ ತನ್ನದೇ ಗರಿಯೂ ಉಪ್ಪೂ ಇದ್ದು, ಗ್ರೇವಿ ಅನ್ನಕ್ಕೂ ಕೋಳಿಗೂ ನಡುವೆ ಸೇತುವೆಯಾಗುತ್ತದೆ.

ಮೂರನೆಯದು ಕೊರಿಯಾದ ಪದ್ಧತಿ, ಮತ್ತು ನನ್ನ ಮನಸ್ಸು ನೆಟ್ಟಿರುವುದು ಇದರಲ್ಲಿ. 1991ರಲ್ಲಿ ಆರಂಭವಾದ ಕ್ಯೋಚೋನ್, 2002ರಲ್ಲಿ ಬುಸಾನ್‌ನಲ್ಲಿ ಶುರುವಾದ ಬೋನ್‌ಚೋನ್ ಇವುಗಳಲ್ಲಿ ಸೋಯಾ ಮತ್ತು ಬೆಳ್ಳುಳ್ಳಿಯ ಸಾಸನ್ನು ತುಂಡಿನ ಮೇಲೆಯೇ ಸವರುತ್ತಾರೆ. ಒದ್ದೆ ಸಾಸ್ ಹಚ್ಚಿದ ಮೇಲೂ ಗರಿ ಉಳಿಯಬೇಕಾದರೆ ಪದರದ ರಚನೆಯೇ ಬೇರೆಯಾಗಿರಬೇಕು. ಈ ಪದ್ಧತಿಯ ಲೇಪದಲ್ಲಿ ಮೈದಾಕ್ಕಿಂತ ಪಿಷ್ಟದ ಪುಡಿಗೆ ಪ್ರಾಧಾನ್ಯ. ಮೈದಾದಲ್ಲಿರುವ ಗ್ಲುಟೆನ್ ಪದರವನ್ನು ನಾರುನಾರಾಗಿಸುತ್ತದೆ, ಪಿಷ್ಟ ಗಾಜಿನ ಹಾಗೆ ತೆಳ್ಳಗೆ ಗಟ್ಟಿಯಾಗುತ್ತದೆ. ಅಲ್ಲದೆ ತುಂಡನ್ನು ಒಮ್ಮೆ ಕರಿದು, ಹೊರತೆಗೆದು, ಸ್ವಲ್ಪ ಹೊತ್ತು ಬಿಟ್ಟು, ಮತ್ತೊಮ್ಮೆ ಕರಿಯುತ್ತಾರೆ. ಆ ವಿರಾಮದಲ್ಲಿ ಒಳಗಿನ ತೇವ ಹೊರಪದರಕ್ಕೆ ಹರಿದುಬರುತ್ತದೆ, ಎರಡನೆಯ ಕರಿತ ಅದನ್ನು ಓಡಿಸಿಬಿಡುತ್ತದೆ. ತಂಗಿಯವರಿಗೆ ಒರಟು ಪದರ ಚುಚ್ಚುವುದಾದರೆ, ತೆಳ್ಳಗಿದ್ದೂ ಸದ್ದು ಮಾಡುವ ಈ ಕೋಳಿಯಲ್ಲಿ ನಿಮ್ಮಿಬ್ಬರ ಇಷ್ಟಗಳೂ ಒಂದೆಡೆ ಸೇರುವ ಸಾಧ್ಯತೆಯಿದೆ. ಒಮ್ಮೆ ಇಬ್ಬರೂ ತಿಂದು ನೋಡಿ ತಿಳಿಸಿ.

ಉತ್ತರ: ತೆರೆದ ಬಾಣಲೆ

ಪರೀಕ್ಷೆಯ ವಿವರ ಓದಿ ಬಹಳ ಖುಷಿಯಾಯಿತು. ಮಸಾಲೆಯ ಪಾಲನ್ನು ನಾನು ಕಡಿಮೆ ಅಂದಾಜು ಮಾಡಿದ್ದೆನೆಂದು ನಿಮ್ಮ ಎರಡನೆಯ ಸುತ್ತು ತೋರಿಸಿದೆ. ಕಾಳುಮೆಣಸು ಅವರ ಮಾತನ್ನು ಒಪ್ಪುತ್ತೇನೆ.

ಗರಿ ಉಳಿಸುವ ವಿಷಯಕ್ಕೆ ಬಂದರೆ, ಶತ್ರು ಹೊರಗಿನ ಗಾಳಿಯಲ್ಲ, ತುಂಡಿನೊಳಗಿನ ಆವಿ. ಡಬ್ಬಿಯ ಮುಚ್ಚಳ ಬಿಗಿಯಾಗಿದ್ದರೆ ಆ ಆವಿ ಮೇಲೆ ತಗುಲಿ ನೀರಾಗಿ ಮತ್ತೆ ಕೋಳಿಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಕಟ್ಟಿಸಿಕೊಂಡ ಕೂಡಲೇ ಮುಚ್ಚಳವನ್ನು ಸ್ವಲ್ಪ ತೆರೆದಿಡಿ, ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಬೇಡಿ, ತುಂಡುಗಳನ್ನು ಒಂದರ ಮೇಲೊಂದು ಪೇರಿಸದಂತೆ ಅಗಲವಾದ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೆ ಮೈಕ್ರೋವೇವ್ ಮುಟ್ಟಬೇಡಿ, ಏಕೆಂದರೆ ಅದು ಒಳಗಿನ ನೀರನ್ನು ಕಾಯಿಸಿ ಪದರದೊಳಕ್ಕೆ ತಳ್ಳುತ್ತದೆ. ಓವನ್ ಅಥವಾ ಏರ್ ಫ್ರೈಯರನ್ನು 180 ಡಿಗ್ರಿಗೆ ಮೊದಲೇ ಕಾಯಿಸಿಟ್ಟು, ತುಂಡುಗಳನ್ನು ತಟ್ಟೆಯ ಮೇಲಲ್ಲ, ಜಾಲರಿಯ ಮೇಲೆ, ಒಂದಕ್ಕೊಂದು ತಾಗದಂತೆ ಇಡಿ. ತೊಡೆಯ ತುಂಡಿಗೆ ಏರ್ ಫ್ರೈಯರಿನಲ್ಲಿ ಏಳೆಂಟು ನಿಮಿಷ, ಓವನ್‌ನಲ್ಲಿ ಅದಕ್ಕಿಂತ ತುಸು ಹೆಚ್ಚು ಬೇಕಾದೀತು. ಹೊರತೆಗೆದ ಮೇಲೆ ಒಂದೆರಡು ನಿಮಿಷ ಜಾಲರಿಯ ಮೇಲೆಯೇ ಬಿಟ್ಟು, ಆಮೇಲೆ ತಟ್ಟೆಗೆ ಹಾಕಿಕೊಳ್ಳಿ.